ಬಿಜಲಿ ಗಾಡಿಗೆ ಎಂಟು ತಾಸು

ಅವನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಗೋಪಮ್ಮ ಅವನ ಬಾಯಿಂದ ಬೀಡಿ ಕಿತ್ತುಕೊಂಡಿದ್ದಳು.

ಕಿತ್ತುಕೊಂಡವಳು ಅದನ್ನು ಪಕ್ಕದ ಬಕೆಟ್ಟಿಗೆ ಎಸೆದಳು. ಬೀಡಿ ಚುಸ್ಸೆಂದು ಆರಿತು. ಮಾನ್ವಿಯ ಹತ್ತಿ ಮಿಲ್ಲಿನ ಅಂಗಳದಲ್ಲಿ ನೆರೆದಿದ್ದ ಇಪ್ಪತ್ತು ಮೂವತ್ತು ಜನ ಒಮ್ಮೆಲೇ ಬಾಯಿ ಮುಚ್ಚಿದರು.

ಅಷ್ಟು ಹೊತ್ತೂ ಅವರೆಲ್ಲ ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ? ಎತ್ತು ಬೇಡ, ಕುದುರೆ ಬೇಡ, ಪೆಟ್ರೋಲೂ ಬೇಡ ಎಂದು ರಾಯಚೂರಿನಲ್ಲಿ ಡಂಗುರ ಹೊಡೆಸಿಕೊಂಡು ಹೊರಟಿದ್ದ ಬಿಜಲಿ ಗಾಡಿ, ಊರಿಗೆ ಎರಡು ಮೈಲಿ ಇರುವಾಗ ಉಸಿರು ಬಿಟ್ಟು, ಊರ ಮುದುಕ ಪರಮಣ್ಣನ ಎತ್ತುಗಳ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದಿತ್ತು.

"ಏನ್ ಮಾಡಾಕತ್ತೀರಿ ನೀವು?" ಎಂದ ಅವನು, ಖಾಲಿಯಾದ ಬೆರಳುಗಳನ್ನೇ ನೋಡುತ್ತ.

"ನಿಮ್ಮ ಮೀಸಿ ಉಳಸಾಕತ್ತೀನಿ. ಬ್ಯಾಟರಿಯಿಂದ ಒಂದು ಹವಾ ಬರ್ತದ. ಕಣ್ಣಿಗೆ ಕಾಣಂಗಿಲ್ಲ. ಕಿಡಿ ಸಿಕ್ಕರ ಸಿಡೀತದ. ನಮ್ಮಪ್ಪನ ಎಡಗಣ್ಣು ಹಂಗೇ ಹೋಗ್ಯದ."

ಅವನು ಮೀಸೆ ಮುಟ್ಟಿ ನೋಡಿಕೊಂಡ. ಆಮೇಲೆ, "ಇಲ್ಲಿ ಡೈನಮೋ ನೋಡ್ಕೊಳ್ಳೋ ಮಿಸ್ತ್ರಿ ಇರ್ತಾನ ಅಂದ್ರು. ಸ್ವಲ್ಪ ಕರೀರಿ" ಎಂದ.

"ಕರಿಯೋದು ಬ್ಯಾಡ. ಬಂದು ನಿಂತೀನಿ."

ಆಗ ಅವನು ಅವಳನ್ನು ನೋಡಿದ. ಸೊಂಟಕ್ಕೆ ಸೀರೆಯ ಮೇಲೆ ಹಳೆಯ ಕರಿ ಕಂಬಳಿಯ ತುಂಡು ಬಿಗಿದಿದ್ದಳು. ಸೀರೆಯ ಅಂಚಿನಲ್ಲಿ ಸಾಲಾಗಿ ತೂತು. ಬ್ಯಾಟರಿಯ ಆಮ್ಲ ಹತ್ತಿ ಬಟ್ಟೆಯನ್ನು ಮರುದಿನಕ್ಕೆ ತಿಂದುಹಾಕುತ್ತದೆ, ಉಣ್ಣೆಯನ್ನು ಅಷ್ಟು ಸುಲಭವಾಗಿ ತಿನ್ನುವುದಿಲ್ಲ. ಅದಕ್ಕೇ ಆ ಕಂಬಳಿ. ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ. ಕಣ್ಣಿನಲ್ಲಿ ಮಾತ್ರ ಎಂಥ ಮಿಸ್ತ್ರಿಗೂ ಇಲ್ಲದ ಗತ್ತು.

'ಇವಳ ಕೈಯಾಗ ನನ್ನ ಗಾಡಿ ಕೊಡಬೇಕಾ...' ಎಂದುಕೊಂಡ ಅವನು. ಗಾಡಿಯೊಂದನ್ನೇ ಕೊಡುತ್ತಿದ್ದಾನೆ ಎಂಬ ನಂಬಿಕೆ ಅವನಿಗೆ ಆಗ ಇತ್ತು.

"ಎಷ್ಟು ಜನ ಕೂಡಿಸಿಕೊಂಡಿದ್ರಿ?" ಗೋಪಮ್ಮ ಕೇಳಿದಳು.

"ಆರು... ಅಂದ್ರ, ಹನ್ನೊಂದು. ಹಾದಿಯಾಗ ಮುದುಕ್ರು, ಬಾಣಂತ್ಯಾರು ಕೈ ಮಾಡಿದ್ರು. ಬಿಟ್ಟು ಹೆಂಗ ಬರ್ಲಿ?"

ಬೈಯಲೆಂದು ತೆರೆದ ಬಾಯನ್ನು ಅವಳು ಸುಮ್ಮನೆ ಮುಚ್ಚಿದಳು. ಆ ಉತ್ತರ ಅವಳ ಎದೆಯಲ್ಲಿ ಎಲ್ಲೋ ಒಂದು ಕಡೆ ಹೋಗಿ ಕೂತಿತು.

ಅವನ ಹೆಸರು ಉರುಕುಂದಪ್ಪ. ಕುರ್ಡಿಯವನು. ರಾಯಚೂರಿನ ಔಷಧ ವ್ಯಾಪಾರಿ ಜಹೀರುದ್ದೀನ್ ಸಾಹೇಬರ ಡ್ರೈವರ್.

ಅದು ಯುದ್ಧದ ಕಾಲ. ಪೆಟ್ರೋಲು ಚೀಟಿಯ ಮೇಲೆ, ಅದೂ ಸಿಕ್ಕವರಿಗೆ ಸಿಕ್ಕಷ್ಟು. ಮಾನ್ವಿ, ದೇವದುರ್ಗದ ಕಡೆಯ ಮೋಟಾರುಗಳು ಒಂದೊಂದಾಗಿ ನಿಂತು, ಅವುಗಳ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಊರೂರಿನಲ್ಲಿ ಚಳಿಜ್ವರ, ಕ್ವಿನೈನ್ ಗುಳಿಗೆ ಮಾತ್ರ ರಾಯಚೂರಿನಲ್ಲಿ. ಆಗ ಜಹೀರುದ್ದೀನ್ ಸಾಹೇಬರು ಯಾವುದೋ ನವಾಬರ ಮನೆಯ ಷೆಡ್ಡಿನಲ್ಲಿ ತುಕ್ಕು ತಿನ್ನುತ್ತಿದ್ದ ಅಮೆರಿಕದ ಹಳೆಯ ಬ್ಯಾಟರಿ ಮೋಟಾರನ್ನು ತಂದು, ಟಾಂಗಾ ಮಾಡುವವರಿಂದ ಅದಕ್ಕೆ ಕಟ್ಟಿಗೆಯ ಮೈ ಕಟ್ಟಿಸಿದರು. ಗಾಡಿಯ ಹೊಟ್ಟೆಯಲ್ಲಿ ಇಪ್ಪತ್ನಾಲ್ಕು ಸೆಲ್ಲು. ತುಂಬಿಕೊಂಡರೆ ಮೂವತ್ತೈದು ಮೈಲಿ, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ.

ರಾಯಚೂರಿನಲ್ಲಿ ಪವರ್ ಹೌಸ್ ಇತ್ತು. ಮಾನ್ವಿಯಲ್ಲಿ ಕರೆಂಟು ಎಂದರೆ ಈ ಮಿಲ್ಲಿನ ಡೈನಮೋ ಒಂದೇ. ಗೋಪಮ್ಮನ ಅಪ್ಪ ಸುಂಕಪ್ಪ ಬಾಯ್ಲರಿಗೆ ಶೇಂಗಾ ಹೊಟ್ಟು, ಹತ್ತಿಕಟ್ಟಿಗೆ ಹಾಕಿ ಉಗಿ ಎಬ್ಬಿಸುತ್ತಿದ್ದ. ಉಗಿ ಎಂಜಿನ್ ತಿರುಗಿಸುತ್ತಿತ್ತು. ಎಂಜಿನ್ನಿನ ಬೆಲ್ಟು ಡೈನಮೋ ತಿರುಗಿಸುತ್ತಿತ್ತು. ತಹಸೀಲು ಕಚೇರಿಯ ರೇಡಿಯೋ ಬ್ಯಾಟರಿ, ಪೊಲೀಸ್ ಠಾಣೆಯ ರೇಡಿಯೋ ಬ್ಯಾಟರಿ, ಎಲ್ಲವೂ ಚಾರ್ಜಿಗೆ ಬರುತ್ತಿದ್ದದ್ದು ಇಲ್ಲಿಗೇ. ಅಪ್ಪನ ಕಣ್ಣು ಹೋದ ಮೇಲೆ ಸೆಲ್ಲುಗಳ ಕೆಲಸ ಮಗಳದಾಗಿತ್ತು.

"ಎಷ್ಟು ಹೊತ್ತು ಹಿಡೀತದ?" ಅಂದು ಉರುಕುಂದಪ್ಪ ಕೇಳಿದ್ದ.

"ಎಂಟು ತಾಸು."

"ಎಂಟು ತಾಸು ನಾ ಏನ್ ಮಾಡ್ಲಿ ಇಲ್ಲಿ?"

"ಬೀಡಿ ಸೇದೋದು ಒಂದು ಬಿಟ್ಟು ಏನರ ಮಾಡ್ರಿ."

* * *

ಪ್ರೀತಿ ಹುಟ್ಟಲು ಎಷ್ಟು ಹೊತ್ತು ಬೇಕು ಎಂದು ಕೇಳುವವರಿಗೆ ನನ್ನ ಬಳಿ ಲೆಕ್ಕವಿದೆ. ವಾರಕ್ಕೆರಡು ಸಲ, ಸಲಕ್ಕೆ ಎಂಟು ತಾಸು, ನಾಲ್ಕು ತಿಂಗಳು.

ಮೊದಲ ವಾರ ಅವನು ಮಿಲ್ಲಿನ ಹುಣಸೆ ಮರದ ಕೆಳಗೆ ಮಲಗಿ ಸಿಟ್ಟು ಮಾಡಿಕೊಂಡ. ಎರಡನೆಯ ವಾರ ಶೇಂಗಾ ಹೊಟ್ಟಿನ ಬುಟ್ಟಿ ಹೊತ್ತು ಸುಂಕಪ್ಪನಿಗೆ ಕೊಟ್ಟ. ಮೂರನೆಯ ವಾರ ಗೋಪಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವಳು ಸೆಲ್ಲಿನ ಬಾಯಿಗೆ ಗಾಜಿನ ತೇಲುಕಡ್ಡಿ ಇಳಿಸುವುದನ್ನು ನೋಡಿದ.

"ಕಡ್ಡಿ ಮ್ಯಾಲೆ ತೇಲಿದ್ರ ಹೊಟ್ಟಿ ತುಂಬ್ಯದ ಅಂತ. ಮುಳುಗಿದ್ರ ಹಸಿವಿ," ಎಂದು ಅವಳು ಹೇಳಿಕೊಟ್ಟಳು.

"ನೀರು ಯಾವುದು ಹಾಕ್ತೀರಿ?"

"ಹಬೆ ನೀರು. ಬಾಯ್ಲರಿನ ಹಬೆ ತಾಮ್ರದ ಕೊಳವಿಯಾಗ ಹಾಯಿಸಿ ತಣ್ಣಗ ಮಾಡಿದ್ದು. ಅದರಾಗ ಉಪ್ಪಿಲ್ಲ, ಸವಳಿಲ್ಲ. ಬಾವಿ ನೀರು ಒಂದು ಬೊಗಸಿ ಬಿತ್ತೋ, ಸೆಲ್ಲು ಸತ್ತಂಗೇ."

ಬಾಟಲಿಗಳಲ್ಲಿ ತುಂಬಿಸಿಟ್ಟ ಆ ನೀರನ್ನು ಅವಳು ಮನೆಯ ತುಪ್ಪಕ್ಕಿಂತ ಜತನವಾಗಿ ಕಾಯುತ್ತಿದ್ದಳು.

ಅವನು ಬೀಡಿ ಸೇದುವುದನ್ನು ಬಿಟ್ಟ. ಹಾಗೆಂದು ಯಾರಿಗೂ ಹೇಳಲಿಲ್ಲ. ಒಂದೇ ಒಂದು ಬೀಡಿ ಸದಾ ಬಲ ಕಿವಿಯ ಹಿಂದೆ ಇರುತ್ತಿತ್ತು. ಅದು ಅಲ್ಲೇ ಹಳತಾಗುವುದನ್ನು ಗೋಪಮ್ಮ ಒಬ್ಬಳೇ ಗಮನಿಸಿದ್ದಳು.

ಗಮನಿಸಿದ್ದು ಅವಳೊಬ್ಬಳೇ ಎಂದೆನಲ್ಲ, ತಪ್ಪಾಯಿತು. ಮುನವ್ವರ್ ಬೀಯೂ ನೋಡಿದ್ದಳು. ಮಿಲ್ಲಿನ ಹಿಂದಿನ ಓಣಿಯ ಈ ವಿಧವೆ ಬಳೆ ಮಾರುವವಳು. ಬಳೆಗಳನ್ನು ತರಲು ತಿಂಗಳಿಗೆರಡು ಸಲ ರಾಯಚೂರಿಗೆ ಇದೇ ಗಾಡಿಯಲ್ಲಿ ಹೋಗಿ ಬರುತ್ತಿದ್ದಳು.

"ಅರೆ ಬೇಟಿ," ಎಂದಳು ಒಂದು ದಿನ, ಗೋಪಮ್ಮನ ಕೈ ಹಿಡಿದು ಬಳೆಯ ಅಳತೆ ನೋಡುತ್ತ, "ಆ ಡ್ರೈವರ್ ಬರೋ ದಿನ ನಿನ್ನ ಕಂಬಳಿ ತೊಳದು ಇರ್ತದ. ಯಾಕ?"

"ಧೂಳು ಆಗಿರ್ತದ ಚಾಚಿ."

"ಹೌದೌದು. ಮಂಗಳವಾರ, ಶನಿವಾರ ಮಾತ್ರ ಧೂಳು."

ಗೋಪಮ್ಮ ಮುಖ ತಿರುಗಿಸಿಕೊಂಡಳು. ಕಿವಿ ಬಿಸಿಯಾಗಿತ್ತು.

ಗಾಡಿಗೂ ಒಬ್ಬ ಭಕ್ತ ಸಿಕ್ಕಿದ್ದ, ಪರಮಣ್ಣ. ಮೊದಲ ದಿನ ಗಾಡಿ ಎಳೆದು ತಂದು, "ನನ್ನ ಎತ್ತಿನ ಮುಂದ ಇದರದೇನು" ಎಂದು ಬೀಗಿದ್ದ ಆ ಮುದುಕ, ಹೆಂಡತಿ ಯಮನಮ್ಮನಿಗೆ ಚಳಿಜ್ವರ ಬಂದ ವಾರ ಮಾತು ಬದಲಿಸಿದ. ಬೆಳಿಗ್ಗೆ ಹೇಳಿ ಕಳಿಸಿದ ಕ್ವಿನೈನ್ ಮರುದಿನವೇ ಬಿಜಲಿ ಗಾಡಿಯಲ್ಲಿ ಬಂದಿತ್ತು. ಯಮನಮ್ಮ ಎದ್ದು ಕೂತಳು. ಅಂದಿನಿಂದ ಪರಮಣ್ಣ ಎತ್ತುಗಳನ್ನು ಮಿಲ್ಲಿನ ಹುಣಸೆ ಮರಕ್ಕೇ ಕಟ್ಟಿ, ಬಿಜಲಿ ಗಾಡಿಗೆ ತಾನೇ ಕಾವಲುಗಾರನಾದ.

"ಮೂಕ ಪ್ರಾಣಿ," ಎನ್ನುತ್ತಿದ್ದ, ಅದರ ಮಡ್‌ಗಾರ್ಡು ಸವರುತ್ತ. "ಕೇಳಂಗಿಲ್ಲ, ಬೇಡಂಗಿಲ್ಲ. ದುಡೀತದ."

* * *

ಜ್ಯೇಷ್ಠ ಮಾಸ ಬಂತು. ಹತ್ತಿಯ ಕಾಲ ಮುಗಿದಿತ್ತು. ಮಿಲ್ಲಿನ ಸೇಠ್ ಒಂದು ದಿನ ಬಂದು ಡೈನಮೋದ ಸುತ್ತ ಎರಡು ಸುತ್ತು ಹಾಕಿ, "ಇದಕ್ಕ ಸೋಲಾಪುರದಾಗ ಗಿರಾಕಿ ಬಂದಾರ" ಎಂದ.

ಗೋಪಮ್ಮ ಕೈಯಲ್ಲಿದ್ದ ಬಾಟಲಿಯನ್ನು ನೆಲಕ್ಕಿಟ್ಟಳು.

ಡೈನಮೋ ಹೋದರೆ ಹತ್ತಿಯ ಕಾಲ ಬಿಟ್ಟು ಉಳಿದ ತಿಂಗಳು ಅಪ್ಪನಿಗೆ ಕೆಲಸವಿಲ್ಲ. ಸೋಲಾಪುರದಲ್ಲಿದ್ದ ಚಿಕ್ಕಪ್ಪ ಅಪ್ಪನಿಗೊಂದು ಕೆಲಸ ನೋಡಿದ್ದ; ಅವಳಿಗೆ ಹೆಂಡತಿ ಸತ್ತ ಒಬ್ಬ ವರನನ್ನೂ ನೋಡಿದ್ದ. ಆ ಮನೆಯಲ್ಲಿ ಅವಳ ಕೈಗೆ ಸಿಗುವುದು ಒಲೆ ಮತ್ತು ಕಸಬರಿಗೆ. ತೇಲುಕಡ್ಡಿ ಸಿಗುವುದಿಲ್ಲ. ಮಂಗಳವಾರ, ಶನಿವಾರಗಳೂ ಇರುವುದಿಲ್ಲ.

ಜಹೀರುದ್ದೀನ್ ಸಾಹೇಬರು ಜಿಲ್ಲೆಯನ್ನು ಆಳುವ ತಾಲೂಕ್‌ದಾರ್ ಸಾಹೇಬರ ಕಚೇರಿಗೆ ಅಲೆದಾಡಿ ಒಂದು ಮಾತು ತಂದರು. ಕಾರಹುಣ್ಣಿಮೆಯ ಮರುದಿನ ಬಿಜಲಿ ಗಾಡಿ ಮಾನ್ವಿಯಿಂದ ದೇವದುರ್ಗಕ್ಕೆ ಹೋಗಬೇಕು. ಹೊತ್ತು ಮುಳುಗುವುದರೊಳಗೆ ಅಲ್ಲಿನ ದವಾಖಾನೆಗೆ ಕ್ವಿನೈನ್ ಪೆಟ್ಟಿಗೆ ಮುಟ್ಟಬೇಕು. ಒಂದು ತೊಟ್ಟು ಪೆಟ್ರೋಲು ಸೇರಬಾರದು. ಮುಟ್ಟಿದರೆ ಮಾನ್ವಿಯ ಡೈನಮೋ ಸರ್ಕಾರದ ಹುಕುಮಿನಿಂದ ಅಲ್ಲೇ ಉಳಿಯುತ್ತದೆ, ವರ್ಷವಿಡೀ ತಿರುಗುತ್ತದೆ. ಮುಟ್ಟದಿದ್ದರೆ ಸೋಮವಾರ ಅದು ಸೋಲಾಪುರದ ರೈಲು ಹತ್ತುತ್ತದೆ.

"ಮೂವತ್ತು ಮೈಲಿ ಮ್ಯಾಲೊಂದಿಷ್ಟು," ಎಂದ ಉರುಕುಂದಪ್ಪ. "ಹೊಟ್ಟಿ ತುಂಬಿದ್ರ ಮುಟ್ತದ."

"ತುಂಬಸ್ತೀನಿ," ಎಂದಳು ಗೋಪಮ್ಮ. "ಆದ್ರ ಹಬೆ ನೀರು ಕಡಿಮಿ ಅದ. ಬಾಯ್ಲರ್ ದಿನಾ ಹಚ್ಚಂಗಿಲ್ಲ ಈಗ. ಎಣಿಸಿ ಹಾಕಬೇಕು."

ಅವನು ಗಾಡಿಯ ಮುಚ್ಚಳ ಮುಚ್ಚಿದ. "ಹಬ್ಬಕ್ಕ ಊರಿಗೆ ಹೋಗಿ ಬರ್ತೀನಿ. ಅವ್ವನ ಕೂಡ ಒಂದು ಮಾತು ಅದ" ಎಂದಷ್ಟೇ ಹೇಳಿ ಕುರ್ಡಿಗೆ ಹೊರಟ.

'ಏನು ಮಾತು?' ಎಂದು ಕೇಳಬೇಕೆನಿಸಿತು ಅವಳಿಗೆ. ಕೇಳಲಿಲ್ಲ.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಅಪ್ಪನೂ ಮಗಳೂ ಬಾಯ್ಲರ್ ಹಚ್ಚಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಪ್ಪತ್ನಾಲ್ಕು ಸೆಲ್ಲುಗಳಲ್ಲೂ ಕಡ್ಡಿ ತೇಲಿತು. ಕೊನೆಯ ಬಾಟಲಿಯ ಕೊನೆಯ ಹನಿಯನ್ನು ಕೊನೆಯ ಸೆಲ್ಲಿಗೆ ಹಾಕಿ, ಮುಚ್ಚಳ ಮುಚ್ಚಿ, ಗೋಪಮ್ಮ ಹೋಳಿಗೆ ಮಾಡಲು ಮನೆಗೆ ಹೋದಳು. ಅಷ್ಟು ಹಗುರಾದ ಮನಸ್ಸಿನಿಂದ ಅವಳು ಎಂದೂ ಹೋಳಿಗೆ ತಟ್ಟಿರಲಿಲ್ಲ.

* * *

ಮರುದಿನ ನಸುಕಿನಲ್ಲೇ ಉರುಕುಂದಪ್ಪ ಕುರ್ಡಿಯಿಂದ ಬಂದ. ಬಗಲಲ್ಲಿ ಒಂದು ಗಂಟಿತ್ತು, ಮುಖದಲ್ಲಿ ತಡೆದುಕೊಂಡ ನಗು. ನೇರ ಗಾಡಿಯ ಬಳಿ ಹೋಗಿ, ಹೊರಡುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಮುಚ್ಚಳ ತೆರೆದ.

ಗೋಪಮ್ಮ ಬರುವಷ್ಟರಲ್ಲಿ ಆ ನಗು ಇರಲಿಲ್ಲ.

ಹಿಂದಿನ ಸಾಲಿನ ಆರು ಸೆಲ್ಲುಗಳ ಮೇಲೆ ಬಿಳಿಚಿದ ಕೆನೆ ಕಟ್ಟಿತ್ತು. ತೇಲುಕಡ್ಡಿ ತಳಕ್ಕೆ ಹೋಗಿ ಮಲಗಿತ್ತು.

"ಇದೇನಿದು?" ಅವನ ದನಿ ಸಣ್ಣಗಿತ್ತು. "ಬಾವಿ ನೀರು ಬಿದ್ರ ಹಿಂಗ ಬಿಳಿ ಕಟ್ತದ ಅಂತ ಪವರ್ ಹೌಸಿನವ್ರು ಹೇಳಿದ್ರು."

"ನಾ ಬಾವಿ ನೀರು..."

"ಬಾಟಲಿ ಎಲ್ಲಾ ಖಾಲಿ ಅವ. ನೋಡೀನಿ. ಹಬೆ ನೀರು ಸಾಲಲಿಲ್ಲ ಅಂದ್ರ ಒಂದು ಮಾತು ಹೇಳಿದ್ರ ರಾಯಚೂರಿಂದ ತಲಿ ಮ್ಯಾಲ ಹೊತ್ತು ತರತಿದ್ದೆ. ಯಾಕ ಮುಚ್ಚಿಟ್ಟಿ ಗೋಪಮ್ಮ? ಇವತ್ತೊಂದು ದಿನಾ ನೀ ಹಿಂಗ ಮಾಡಬಾರದಾಗಿತ್ತು."

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನು ಅವಳನ್ನು 'ನೀ' ಎಂದು ಕರೆದಿದ್ದ. ಆ 'ನೀ'ಗಾಗಿ ಅವಳು ಎಷ್ಟು ದಿನ ಕಾದಿದ್ದಳು... ಬಂದದ್ದು ಹೀಗೆ.

"ಹಾಕಿದ್ಯಾ ಅಂತ ಕೇಳಲಿಲ್ಲ ನೀವು," ಎಂದಳು ಗೋಪಮ್ಮ. "ಹಾಕೀನಿ ಅಂತ ಹೇಳಿಬಿಟ್ರಿ."

ಅವನು ಗಾಡಿಯ ಆ ಕಡೆ ಹೋಗಿ ನಿಂತ.

ಗೋಪಮ್ಮ ಅಳು ತಡೆದುಕೊಂಡಳು. ಕೈ ತನ್ನಷ್ಟಕ್ಕೆ ಕೆಲಸಕ್ಕಿಳಿಯಿತು. ಬಗ್ಗಿ ಸೆಲ್ಲಿನ ಬಾಯಿ ಮೂಸಿದಳು. ಹುಳಿ ವಾಸನೆ. ಆಮ್ಲದ ಹುಳಿಯಲ್ಲ, ಅಡಿಗೆಮನೆಯ ಹುಳಿ. ಬಾವಿ ನೀರಿಗೆ ಈ ವಾಸನೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಹುಣಸೆ ಮರದ ಕಡೆಯಿಂದ ಪರಮಣ್ಣ ಬಂದ. ಎತ್ತುಗಳ ಕೋಡಿಗೆ ನಿನ್ನೆ ಬಳಿದ ಕೆಂಪು ಬಣ್ಣ ಇನ್ನೂ ಹೊಳೆಯುತ್ತಿತ್ತು.

"ಗೋಪವ್ವಾ, ನೋಡಿಲ್ಲಿ. ನಿನ್ನೆ ಉಟ್ಟ ಹೊಸ ಧೋತ್ರ. ಇಲಿ ಕಡದಂಗ ಆಗ್ಯದ. ಒಂದೇ ದಿನದಾಗ!"

ಮೊಣಕಾಲಿನ ಮೇಲೆ ಸಾಲಾಗಿ ಏಳೆಂಟು ತೂತು. ಅಂಚು ಕಂದಿ, ಮುಟ್ಟಿದರೆ ಉದುರುತ್ತಿತ್ತು. ಅಂಥ ತೂತು ಗೋಪಮ್ಮನ ಎಲ್ಲ ಸೀರೆಯಲ್ಲೂ ಇತ್ತು. ಮಾನ್ವಿಯಲ್ಲಿ ಬೇರೆ ಯಾರ ಬಟ್ಟೆಯಲ್ಲೂ ಇರಲಿಲ್ಲ.

ಅವಳು ಮುದುಕನನ್ನು ಮರದ ಹಿಂದಕ್ಕೆ ಕರೆದೊಯ್ದಳು.

"ಯಪ್ಪಾ, ನಿನ್ನೆ ಎತ್ತಿಗೆ ಗೊಟ್ಟ ಹಾಕಿದ ಮ್ಯಾಲ ಏನ್ ಮಾಡಿದಿ?"

ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ನೊಗವಿಲ್ಲ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬಿದಿರಿನ ಗೊಟ್ಟದಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ ತುಂಬಿ ಬಾಯಿಗೆ ಹೊಯ್ಯುತ್ತಾರೆ. ವರ್ಷವಿಡೀ ದುಡಿದದ್ದಕ್ಕೆ ಅದು ಉಪಚಾರ.

ಮುದುಕನ ಮುಖ ಅರಳಿತು. "ನಿನ್ನ ಗಾಡಿಗೂ ಹಾಕಿದೆ ಬೇ. ಅದೂ ದುಡಿಯೋ ಜೀವಲ್ಲ? ನೀ ಒಂದೊಂದು ಬಾಯಿ ತೆರದು ನೀರು ಕುಡಸೋದು ನೋಡೀನಿ. ಹಂಗೇ ಕುಡಿಸಿದೆ. ಇಪ್ಪತ್ನಾಲ್ಕು ಬಾಯಿ... ಆರಕ್ಕ ಮಜ್ಜಿಗಿ ಮುಗೀತು. ಉಳಿದವು ಹಬ್ಬದ ದಿನ ಹಂಗೇ ಇದ್ವಲ್ಲಾ ಅಂತ ನನಗ ನಿದ್ದಿ ಹತ್ತಲಿಲ್ಲ."

ಗೋಪಮ್ಮ ಮರಕ್ಕೆ ಒರಗಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಜ್ಜಿಗೆ ಇಪ್ಪತ್ನಾಲ್ಕಕ್ಕೂ ಸಾಲದೆ ಹೋದದ್ದು ಯಾವ ಜನ್ಮದ ಪುಣ್ಯವೋ!

ಸತ್ಯ ಹೇಳಿದರೆ ತಾನು ಈ ಕ್ಷಣವೇ ಪಾರು. ಆದರೆ ಸೇಠ್ ಈ ಮುದುಕನನ್ನೂ ಎತ್ತುಗಳನ್ನೂ ಅಂಗಳದಿಂದ ಹೊರಗಟ್ಟುತ್ತಾನೆ. ಅದಿರಲಿ, ಹೆಂಡತಿಯ ಜೀವ ಉಳಿಸಿದ ಗಾಡಿಯನ್ನು ತನ್ನ ಕೈಯಾರೆ ಕೆಡಿಸಿದೆ ಎಂದು ಗೊತ್ತಾದರೆ ಇವನು ಹೇಗೆ ತಾಳಿಕೊಂಡಾನು? ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಯಪ್ಪಾ, ಈಗ ಒಂದು ಕೆಲಸ ಆಗಬೇಕು. ಎತ್ತು ಹೂಡ್ಕೊಂಡು ಬಾಗಲವಾಡಕ್ಕ ಹೋಗು. ಅಲ್ಲಿಂದ ಮುಂದಿನ ಎರಿ ಮಣ್ಣಾಗ ನಮ್ಮ ಗಾಡಿ ಎಳೀಬೇಕು ನೀನು."

"ಇಷ್ಟೇನಾ?" ಎಂದು ಪರಮಣ್ಣ ಹೊರಟೇಬಿಟ್ಟ.

ಗೋಪಮ್ಮ ಕಣ್ಣೊರೆಸಿಕೊಂಡು ಗಾಡಿಯ ಬಳಿ ಬಂದಳು. ದಪ್ಪ ತಾಮ್ರದ ತಂತಿ ತೆಗೆದುಕೊಂಡು ಕೆಟ್ಟ ಆರು ಸೆಲ್ಲುಗಳನ್ನು ಬಿಟ್ಟು ಉಳಿದ ಹದಿನೆಂಟನ್ನು ಜೋಡಿಸತೊಡಗಿದಳು.

"ಇಷ್ಟರಾಗ ಇಪ್ಪತ್ತೈದು ಮೈಲಿ ಹೋಗಬಹುದು," ಎಂದಳು, ಅವನ ಮುಖ ನೋಡದೆ. "ಎರಿ ಮಣ್ಣಾಗ ಪರಮಣ್ಣನ ಎತ್ತು ಎಳೀತಾವ. ನಾನೂ ಬರ್ತೀನಿ. ಹಾದಿಯಾಗ ತಂತಿ ಬಿಸಿಯಾದ್ರ ನಿಮಗ ತಿಳಿಯಂಗಿಲ್ಲ."

"ಗೋಪಮ್ಮ..."

"ತಪ್ಪು ಯಾರದರ ಆಗ್ಲಿ. ಮೊದಲು ಗಾಡಿ."

ಸುಂಕಪ್ಪ ಒಂದೇ ಕಣ್ಣಿನಿಂದ ಮಗಳನ್ನೂ ಡ್ರೈವರನನ್ನೂ ಒಂದು ಸುತ್ತು ನೋಡಿದ. "ಮುನವ್ವರ್ ಬೀ ಜೋಡಿ ಹೋಗು" ಎಂದ. ಮುನವ್ವರ್ ಬೀಯ ತಂಗಿಯ ಮನೆ ದೇವದುರ್ಗದಲ್ಲಿತ್ತು. ಆಕೆ ಬಳೆಯ ಪೆಟ್ಟಿಗೆ ಸಮೇತ ಆಗಲೇ ಗಾಡಿ ಹತ್ತಿ ಕೂತಿದ್ದಳು.

* * *

ತಂತಿ ಕಟ್ಟಿ ಮುಗಿಸಿ ಹೊರಟಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಹನ್ನೆರಡು ಮೈಲಿಯವರೆಗೆ ಗಾಡಿಯಲ್ಲಿ ಮಾತಾಡಿದವಳು ಮುನವ್ವರ್ ಬೀ ಒಬ್ಬಳೇ.

ಬಾಗಲವಾಡ ದಾಟಿದ ಮೇಲೆ ಕಪ್ಪು ಎರೆ ಮಣ್ಣು. ಎರಡು ದಿನದ ಹಿಂದೆ ಬಿದ್ದ ಮಳೆಗೆ ಇನ್ನೂ ಅಂಟಂಟಾಗಿತ್ತು. ಪರಮಣ್ಣ ಎತ್ತುಗಳೊಂದಿಗೆ ಕಾದಿದ್ದ. ಹಗ್ಗ ಕಟ್ಟಿದರು. ಕೆಂಪು ಕೋಡುಗಳು ಮುಂದೆ, ಬಿಜಲಿ ಗಾಡಿ ಹಿಂದೆ. ಗೋಪಮ್ಮನೂ ಉರುಕುಂದಪ್ಪನೂ ಕೆಳಗಿಳಿದು ಒಂದೊಂದು ಪಕ್ಕದಲ್ಲಿ ನಡೆದರು.

"ಇದಕ್ಕೇನಾಗ್ಯದೋ ತಮ್ಮಾ?" ಪರಮಣ್ಣ ನಡೆಯುತ್ತಲೇ ಕೇಳಿದ. "ನಿನ್ನೆ ಚಲೋ ಇತ್ತಲ್ಲ."

"ಆರು ಸೆಲ್ಲಿಗೆ ಬಾವಿ ನೀರು ಬಿದ್ದದ," ಎಂದ ಉರುಕುಂದಪ್ಪ.

"ನೀರು ಬಿದ್ರ ಕೆಡ್ತದೇನು?"

"ಹಬೆ ನೀರು ಬಿಟ್ಟು ಏನು ಬಿದ್ರೂ ಕೆಡ್ತದ."

ಎತ್ತುಗಳ ಕೊರಳ ಗಂಟೆ ಹತ್ತು ಹೆಜ್ಜೆಯವರೆಗೆ ಕೇಳಿಸಿತು. ಆಮೇಲೆ ಪರಮಣ್ಣ ನಿಂತ. ಎತ್ತುಗಳೂ ನಿಂತವು.

"ಮಜ್ಜಿಗಿ ಬಿದ್ರ?"

ಗೋಪಮ್ಮ ತಲೆ ತಗ್ಗಿಸಿ ಕಾಲಿಗಂಟಿದ ಮಣ್ಣನ್ನು ನೋಡಿದಳು.

"ಆರು ಬಾಯಿಗೆ ನಾನೇ ಹಾಕಿದ್ನೋ ತಮ್ಮಾ," ಎಂದ ಮುದುಕ. "ಉಪ್ಪು ಹಾಕಿದ ಮಜ್ಜಿಗಿ. ಹಬ್ಬ ಅಂತ... ಈಕಿಗೆ ಮುಂಜಾನೆ ಹೇಳೀನಿ. ಈಕಿ ನನಗ ಒಂದು ಮಾತು ಅನಲಿಲ್ಲ. ನಿನಗೂ ಹೇಳಿಲ್ಲೇನು?"

ಉರುಕುಂದಪ್ಪ ಗೋಪಮ್ಮನ ಕಡೆ ತಿರುಗಿದ. ಅವಳು ಎತ್ತಿನ ಕೋಡು ನೋಡುತ್ತಿದ್ದಳು. ಬೆಳಗಿನಿಂದ ತಾನಾಡಿದ ಒಂದೊಂದು ಮಾತೂ ಅವನಿಗೆ ನೆನಪಾಯಿತು. ಸತ್ಯ ಕೈಯಲ್ಲಿ ಹಿಡಿದುಕೊಂಡೇ ಇವಳು ತಂತಿ ಕಟ್ಟಿದ್ದಳು. ಅವನಿಗೆ ನಾಚಿಕೆಯಾಯಿತು, ಅಳುವಷ್ಟು ನಾಚಿಕೆ.

ಮೊದಲು ಅವನು ಮುದುಕನ ಬಳಿ ಹೋದ. ಹೆಗಲ ಮೇಲೆ ಕೈಯಿಟ್ಟು, "ಯಪ್ಪಾ, ನೀ ಕೆಡಿಸಿದ್ದು ಆರು. ಈಗ ಎಳೀತಿರೋದು ಪೂರಾ ಗಾಡಿ. ಹೊಡಿ ಎತ್ತು," ಎಂದ.

ಆಮೇಲೆ ಗಾಡಿಯ ಈ ಪಕ್ಕಕ್ಕೆ ಬಂದು ಗೋಪಮ್ಮನ ಜೊತೆ ಹೆಜ್ಜೆ ಹಾಕಿದ.

"ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಕೇಳಬೇಕಾಗಿತ್ತು."

"ಹೌದು," ಎಂದಳು. "ಯಾರ ಏನರ ಅನ್ಲಿ, ನೀವು ಒಬ್ಬರು ಕೇಳ್ತೀರಿ ಅಂತ ಅನಕೊಂಡಿದ್ದೆ."

ಮುಂದೆ ಐದು ಮೈಲಿಯ ಎರೆ ಮಣ್ಣು ಮುಗಿಯುವವರೆಗೆ ಅವನು ಗಾಡಿಗೆ ಹೆಗಲು ಕೊಟ್ಟು ನೂಕುತ್ತಲೇ ನಡೆದ. ಗಾಡಿಯೊಳಗಿನಿಂದ ಮುನವ್ವರ್ ಬೀ, "ಯಾ ಅಲ್ಲಾ, ಈ ಇಬ್ಬರಿಗೂ ಸ್ವಲ್ಪ ಅಕ್ಕಲ್ ಕೊಡು," ಎಂದು ಎಲ್ಲರಿಗೂ ಕೇಳುವಂತೆ ಬೇಡಿಕೊಂಡಳು.

* * *

ಗಟ್ಟಿ ನೆಲ ಬಂದ ಕೂಡಲೇ ಹಗ್ಗ ಬಿಚ್ಚಿದರು. ಪರಮಣ್ಣ ಹಿಂದೆ ಉಳಿದ. ಗಾಡಿ ತನ್ನ ಬಲದಿಂದ ಹೊರಟಿತು, ಸದ್ದಿಲ್ಲದೆ, ನಿಧಾನವಾಗಿ.

ಅರಕೇರಾ ದಾಟುವಾಗ ಹೊತ್ತು ಇಳಿಯತೊಡಗಿತ್ತು. ಅಲ್ಲಿಂದಾಚೆ ಗಾಡಿ ಏದುಸಿರು ಬಿಟ್ಟಿತು. ಗೋಪಮ್ಮ ಕಡ್ಡಿ ಇಳಿಸಿ ನೋಡಿದಳು. ಮುಳುಗುತ್ತಿತ್ತು.

"ನಿಲ್ಲಸ್ರಿ. ಸ್ವಲ್ಪ ಸುಧಾರಿಸಿಕೊಳ್ಳಲಿ ಅದು. ನಿಂತ್ರ ಒಂದಿಷ್ಟು ಶಕ್ತಿ ಬರ್ತದ."

ನಿಂತರು. ಮತ್ತೆ ಒಂದು ಮೈಲಿ. ಮತ್ತೆ ನಿಂತರು. ಏರು ಬಂದಾಗ ಇಬ್ಬರೂ ಇಳಿದು ನೂಕಿದರು. ಮುನವ್ವರ್ ಬೀಯೂ ಬಳೆ ಪೆಟ್ಟಿಗೆ ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಸೂರ್ಯ ಕೆಳಗಿಳಿಯುತ್ತಲೇ ಇದ್ದ. ಅವನಿಗೆ ಯಾವ ಡೈನಮೋದ ಚಿಂತೆ?

'ಇನ್ನೊಂದು ಸ್ವಲ್ಪ... ಇನ್ನೊಂದೇ ಸ್ವಲ್ಪ...' ಗೋಪಮ್ಮ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಗಾಡಿಯನ್ನೋ, ಸೂರ್ಯನನ್ನೋ ಅವಳಿಗೇ ಗೊತ್ತಿರಲಿಲ್ಲ.

ದೇವದುರ್ಗದ ದವಾಖಾನೆಯ ಮೆಟ್ಟಿಲಿನ ಮುಂದೆ ಬಿಜಲಿ ಗಾಡಿ ಬಂದು ನಿಂತಾಗ, ಎದುರಿನ ಗೋಡೆಯ ಮೇಲೆ ಒಂದು ಮೊಳ ಬಿಸಿಲು ಉಳಿದಿತ್ತು.

ಗಾಡಿ ಮುಟ್ಟುವ ಹೊತ್ತು ಬರೆದುಕೊಳ್ಳಲು ತಾಲೂಕ್‌ದಾರ್ ಕಚೇರಿಯಿಂದ ಬಂದಿದ್ದ ಗುಮಾಸ್ತ ಪೇಶ್ಕಾರರು ಗೋಡೆ ನೋಡಿದರು, ಗಡಿಯಾರ ನೋಡಿದರು, ಪೆಟ್ಟಿಗೆ ಬಿಚ್ಚಿಸಿ ಗುಳಿಗೆ ನೋಡಿದರು.

"ಪೆಟ್ರೋಲ್?"

"ಒಂದು ಹನಿ ಇಲ್ಲ ಸಾಹೇಬ್ರ," ಎಂದ ಉರುಕುಂದಪ್ಪ. ಆಮೇಲೆ ಗೋಪಮ್ಮನ ಕಡೆ ನೋಡಿ ಸೇರಿಸಿದ: "ಆದ್ರ ಬಾಗಲವಾಡದ ಮುಂದ ಐದು ಮೈಲಿ ಎತ್ತು ಎಳದಾವ. ಮುಚ್ಚಿಡಂಗಿಲ್ಲ."

ಗೋಪಮ್ಮ ಪೇಶ್ಕಾರರ ಲೇಖನಿಯನ್ನೇ ನೋಡಿದಳು.

ಪೇಶ್ಕಾರರು ಕನ್ನಡಕ ಒರೆಸಿಕೊಂಡರು. "ಆ ಮಣ್ಣಿನಲ್ಲಿ ನಮ್ಮ ಸಾಹೇಬರ ಮೋಟಾರನ್ನೂ ಎತ್ತುಗಳೇ ಎಳೆಯೋದು. ಎತ್ತು ಪೆಟ್ರೋಲ್ ಕುಡಿಯೋದಿಲ್ಲವಲ್ಲ?" ಎಂದು ಕಾಗದದ ಮೇಲೆ ಬರೆದರು. "ಮಾನ್ವಿಯ ಡೈನಮೋ ಅಲ್ಲೇ ಇರಲಿ. ಇಲ್ಲೂ ಒಂದು ಹತ್ತಿ ಮಿಲ್ಲು ಇದೆ. ಇಲ್ಲೊಂದು ಕೂಡಿಸದಿದ್ದರೆ ಈ ಗಾಡಿ ವಾಪಸ್ಸು ಹೋಗೋದು ಹೇಗೆ? ಆದರೆ ಅದನ್ನು ನಡೆಸಲು ತಿಳಿದವರು ಬೇಕು."

"ತಿಳಿದವ್ರು ಇಲ್ಲೇ ನಿಂತಾರ ಸಾಬ್," ಎಂದು ಮುನವ್ವರ್ ಬೀ ಗೋಪಮ್ಮನನ್ನು ಮುಂದಕ್ಕೆ ತಳ್ಳಿದಳು.

ಡೈನಮೋ ಉಳಿಯಿತು. ಗೋಪಮ್ಮ ದವಾಖಾನೆಯ ಮೆಟ್ಟಿಲ ಮೇಲೆ ಕೂತು, ಬೆಳಗಿನಿಂದ ತಡೆದಿದ್ದ ಅಳುವನ್ನು ಅತ್ತಳು. ಅದು ದುಃಖದ ಅಳುವಲ್ಲ. ಹೊರೆ ಇಳಿಸಿದವರು ಬಿಡುವ ಉಸಿರಿನಂಥ ಅಳು. ಸೋಲಾಪುರ ದೂರ ಹೋಯಿತು. ಆ ಕಾಣದ ವರ ದೂರ ಹೋದ. ಮಂಗಳವಾರ, ಶನಿವಾರ ಉಳಿದವು.

ಮುನವ್ವರ್ ಬೀಗೆ ಇದ್ದಕ್ಕಿದ್ದಂತೆ ತಂಗಿಯ ಮನೆಗೆ ಹೇಳಿ ಬರುವ ಕೆಲಸ ನೆನಪಾಯಿತು.

ಉರುಕುಂದಪ್ಪ ಗಾಡಿಯಿಂದ ಬೆಳಗಿನ ಗಂಟನ್ನು ತಂದು ಎರಡು ಮೆಟ್ಟಿಲು ಕೆಳಗೆ ಕೂತ. ಬಿಚ್ಚಿದ. ಹೊಸ ಕರಿ ಕಂಬಳಿ, ಅಂಚಿಗೆ ಕೆಂಪು ದಾರದ ಹೊಲಿಗೆ.

"ಅವ್ವ ಹೊಲದಾಳ," ಎಂದ. "ನಿನ್ನ ಸೀರಿ ತೂತಿನ ಸುದ್ದಿ ಹೇಳಿದೆ. ಆಕಿ ಮೊದಲು ನಕ್ಕಳು. ಆಮ್ಯಾಲೆ ಹೊಲಿಯಾಕ ಕೂತಳು. ಮುಂಜಾನೆ ಇದನ್ನ ಕೊಡಾಕಂತ ಓಡಿ ಬಂದಿದ್ದೆ ಗೋಪಮ್ಮ. ಬಂದು ಏನು ಕೊಟ್ಟೆ ನೋಡು ನಿನಗ."

ಅವಳು ಕಂಬಳಿಯ ಅಂಚನ್ನು ಸವರಿದಳು. ಹೊಲಿಗೆ ಒಂದಿಷ್ಟು ಸೊಟ್ಟಗಿತ್ತು. ವಯಸ್ಸಾದ ಕಣ್ಣಿನ ಹೊಲಿಗೆ.

"ಊರಿಗೆ ಹೋಗೋ ಮುಂದ ಅವ್ವನ ಕೂಡ ಒಂದು ಮಾತು ಅದ ಅಂದ್ರಿ. ಇದೇನಾ?"

"ಇದರ ಮುಂದಿನದು."

ಗೋಪಮ್ಮ ಕಣ್ಣೀರಿನಲ್ಲೇ ನಕ್ಕಳು. ಕೈ ಚಾಚಿ ಅವನ ಕಿವಿಯ ಹಿಂದಿದ್ದ ಬೀಡಿಯನ್ನು ತೆಗೆದಳು. ನಾಲ್ಕು ತಿಂಗಳ ಬೀಡಿ, ಮುಟ್ಟಿದ ಕೂಡಲೇ ಬೆರಳಲ್ಲಿ ಪುಡಿಯಾಯಿತು. ಮೊದಲ ದಿನ ಕಿತ್ತುಕೊಂಡಿದ್ದಳು. ಇವತ್ತು ಅವನೇ ತಲೆ ಬಗ್ಗಿಸಿ ಕೊಟ್ಟ.

"ಇನ್ನೊಮ್ಮೆ ಹಂಗ ಮಾಡಂಗಿಲ್ಲ," ಎಂದ ಅವನು. "ಏನರ ಆಗ್ಲಿ, ಮೊದಲು ನಿನ್ನ ಕೇಳ್ತೀನಿ. ಕೇಳದ ಏನೂ ಅನ್ನಂಗಿಲ್ಲ."

"ಖರೇನಾ?"

"ಖರೇ."

ಗೋಡೆಯ ಮೇಲಿನ ಬಿಸಿಲು ಹೋಗಿತ್ತು. ಅವಳಿಗೆ ಈಗ ಅದರ ಅವಸರವಿರಲಿಲ್ಲ. ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು.

"ಹಂಗಾದ್ರ ಈಗ ಕೇಳ್ರಿ," ಎಂದಳು.

ಅವನು ಕೇಳಿದ.